ದೊಡ್ಡ ಹಬ್ಬಕ್ಕೆ ಐಸಿಯು ಬಾಗಿಲಲ್ಲಿ: ಒಂದು ಪ್ರಕರಣ

ಇಲಿ ಜ್ವರದಿಂದ ಹೆಂಡತಿ ಐಸಿಯುನಲ್ಲಿ, ಗಂಡ ಬಾಗಿಲ ಹೊರಗೆ. ಅವರ ಒಂದು ದೀಪಾವಳಿಯ ಕತೆ ಇದು. ಬರೆಯಲು ಮನೆಯವರ ಒಪ್ಪಿಗೆ ಇದೆ. ಹೆಸರು, ಊರು, ವರ್ಷ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿಷಯ ಬದಲಿಸಿದ್ದೇನೆ. ಗಂಡನನ್ನು ಯಜಮಾನರು ಎಂದೂ ಹೆಂಡತಿಯನ್ನು ಅಮ್ಮ ಎಂದೂ ಕರೆಯುತ್ತೇನೆ. ವಾರ್ಡಿನಲ್ಲೂ ಎಲ್ಲರೂ ಹಾಗೇ ಕರೆಯುತ್ತಿದ್ದರು.

ನಾನು ಆಗ ಕಾರವಾರದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರ ಜೊತೆ ಮಾತಾಡುವ ಕೆಲಸದಲ್ಲಿದ್ದೆ. ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳುವುದು, ಕಾಗದಪತ್ರ ಹೊಂದಿಸಿಕೊಡುವುದು, ಅಳುವವರ ಪಕ್ಕ ಸುಮ್ನೆ ಕೂರುವುದು. ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಬಿಟ್ಟು ಬರೆದರೆ ಯಾರಿಗೂ ಉಪಯೋಗವಿಲ್ಲ.

ಹಿನ್ನೆಲೆ

ಯಜಮಾನರಿಗೆ 61, ಅಮ್ಮನಿಗೆ 55. ಶಿರಸಿ ಕಡೆಯ ಹಳ್ಳಿ. ಎರಡೆಕರೆ ಅಡಿಕೆ ತೋಟ, ನಾಲ್ಕು ದನ, ಒಂದು ಕರು. ಮನೆಯಲ್ಲಿ ಯಜಮಾನರ ತಾಯಿ, ಆಯಿ, 86 ವರ್ಷ. ಪಕ್ಕದಲ್ಲೇ ತಮ್ಮನ ಮನೆ. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ. ತೋಟ, ಸೊಸೈಟಿ, ಪೇಟೆ ಯಜಮಾನರದು. ಕೊಟ್ಟಿಗೆ, ಹಾಲು, ಅಡುಗೆ, ಆಯಿಯ ಔಷಧಿ, ನೆಂಟರಿಷ್ಟರ ಲೆಕ್ಕ ಎಲ್ಲ ಅಮ್ಮನದು.

ಆ ವರ್ಷ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ತೋಟದಲ್ಲಿ ನೀರು ನಿಂತಿತ್ತು. ಅಮ್ಮನ ಹಿಮ್ಮಡಿ ಒಡೆದಿತ್ತು, ಕಾಲಿಗೆ ಚಪ್ಪಲಿಯಿಲ್ಲ. ಇಲಿ ಜ್ವರಕ್ಕೆ ಇಷ್ಟು ಸಾಕು. ಇಲಿ, ಹೆಗ್ಗಣದ ಮೂತ್ರ ಸೇರಿದ ನೀರು ಒಡೆದ ಚರ್ಮದಿಂದ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು. ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು, ಕಣ್ಣು ಕೆಂಪು. ಹೆಚ್ಚಿನವರಿಗೆ ಅಲ್ಲಿಗೇ ಮುಗಿಯುತ್ತದೆ. ಕೆಲವರಿಗೆ ಕಾಮಾಲೆ ಬಂದು ಕಿಡ್ನಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಜರ್ಮನಿಯ ಅಡಾಲ್ಫ್ ವೈಲ್ ಎಂಬ ವೈದ್ಯ 1886ರಲ್ಲಿ ಈ ಜೋರಾದ ರೂಪದ ಬಗ್ಗೆ ಬರೆದ. ಡಾಕ್ಟರುಗಳು ಇವತ್ತಿಗೂ ಅವನ ಹೆಸರಲ್ಲೇ ಕರೆಯುತ್ತಾರೆ.

ಶಿರಸಿಯವರು ಕಾಯಿಲೆ ಜೋರಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುತ್ತಾರೆ. ಇವರು ಕಾರವಾರಕ್ಕೆ ಬಂದದ್ದು ಬೇರೆ ಕಾರಣಕ್ಕೆ. ಅಂಕೋಲೆಯಲ್ಲಿ ಅಮ್ಮನ ತಂಗಿ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಗಂಡ ಹೆಂಡತಿ ಇಬ್ಬರೂ ಘಟ್ಟ ಇಳಿದಿದ್ದರು. ಅಮ್ಮನಿಗೆ ಹೊರಡುವಾಗಲೇ ಸಣ್ಣ ಜ್ವರ. ಕಾಲುನೋವು ಅಂದರೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಮಂಡಿನೋವು ಮೊದಲೇ ಇತ್ತಲ್ಲ. ಮೂರನೇ ದಿನಕ್ಕೆ ಅಂಕೋಲೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರು, ಇಲಿ ಜ್ವರ ಇಲ್ಲ ಎಂದು ಬಂತು. ಎಲ್ಲರೂ ಉಸಿರು ಬಿಟ್ಟರು. ಆದರೆ ಆ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದಕ್ಕೆ ಮೈ ಕೊಡುವ ಉತ್ತರವನ್ನು. ಉತ್ತರ ಕಾಣಿಸಿಕೊಳ್ಳಲು ಐದರಿಂದ ಏಳು ದಿನ ಬೇಕು. ಐದನೇ ದಿನ ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದಾಗ 108ರಲ್ಲಿ ಕಾರವಾರಕ್ಕೆ ಬಂದರು. ನಮ್ಮ ಡಾಕ್ಟರು ಎರಡನೇ ರಿಪೋರ್ಟಿಗೆ ಕಾಯದೆ ಆಂಟಿಬಯಾಟಿಕ್ ಶುರು ಮಾಡಿದರು.

ಆ ದಿನವನ್ನು ದಿನ 1 ಎಂದಿಟ್ಟುಕೊಳ್ಳಿ. ದಿನ 3ರ ಸಂಜೆ ನೀರು ತುಂಬುವುದು, ದಿನ 4 ನರಕ ಚತುರ್ದಶಿ, ದಿನ 5 ಅಮಾವಾಸ್ಯೆ, ದಿನ 6 ಪಾಡ್ಯ, ಗೋಪೂಜೆ. ಘಟ್ಟದ ಮೇಲೆ ದೀಪಾವಳಿಯನ್ನು ದೊಡ್ಡ ಹಬ್ಬ ಎಂದೇ ಕರೆಯುವುದು.

ಮೆಂತೆ ಡಬ್ಬಿ

ದಿನ 1ರ ರಾತ್ರಿ ನರ್ಸ್ ಕೇಳಿದ ಮೊದಲ ಪ್ರಶ್ನೆ: "ಅಮ್ಮ ದಿನಾ ಯಾವ ಮಾತ್ರೆ ತಗೋತಾರೆ?"

"ಎಂಗೆ ಗೊತ್ತಿಲ್ಲೆ" ಎಂದರು ಯಜಮಾನರು. ಆಮೇಲೆ ಸರಿಮಾಡಿಕೊಂಡು, "ನನಗೆ ಗೊತ್ತಿಲ್ಲ. ಬಿಳೀದು ಒಂದಿತ್ತು" ಎಂದರು.

33 ವರ್ಷದ ಸಂಸಾರ. ತೋಟದ ಯಾವ ಮರ ಎಷ್ಟು ಗೊನೆ ಬಿಡುತ್ತದೆ ಎಂದು ಕಣ್ಣುಮುಚ್ಚಿ ಹೇಳುವ ಮನುಷ್ಯ. ಅವರನ್ನು ಹೀಯಾಳಿಸಲು ಇದನ್ನು ಬರೆಯುತ್ತಿಲ್ಲ. ನಾನು ಕಂಡ ಹತ್ತರಲ್ಲಿ ಏಳೆಂಟು ಗಂಡಂದಿರು ಹೀಗೇ.

ತಮ್ಮನ ಹೆಂಡತಿಗೆ ಫೋನ್ ಹೋಯಿತು. ಅವರು ದೇವರ ಮನೆ ಕಪಾಟು, ಹಾಸಿಗೆ ತಲೆದೆಸೆ, ಅಟ್ಟ ಎಲ್ಲ ಹುಡುಕಿದರು. ಮರುದಿನ ಮಧ್ಯಾಹ್ನ ಮೆಂತೆ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಮಾತ್ರೆ ಪಟ್ಟಿಗಳು ಸಿಕ್ಕವು. ಡೈಕ್ಲೋಫೆನಾಕ್. ಮಂಡಿನೋವಿಗೆಂದು ಅಂಗಡಿಯಿಂದ ತಂದದ್ದು. ದಿನಕ್ಕೆ ಎರಡು, ಜ್ವರ ಬಂದ ಮೇಲೆ ಮೂರು. ಆಯಿ ನೋಡಿದರೆ ಬೈಯುತ್ತಾರೆ ಎಂದು ಬಚ್ಚಿಟ್ಟದ್ದು. ಈ ಜಾತಿಯ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಜೋರಾದ ಇಲಿ ಜ್ವರದಲ್ಲಿ ಕಿಡ್ನಿ ಮೊದಲೇ ಸೋತಿರುತ್ತದೆ. ಡಾಕ್ಟರು "ಇದೊಂದರಿಂದಲೇ ಹೀಗಾಯಿತು ಅಂತಲ್ಲ, ಆದರೆ ಇದೂ ಸೇರಿತು" ಎಂದರು. ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ 6.8ಕ್ಕೆ ಏರಿತ್ತು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ 28,000ಕ್ಕೆ ಇಳಿದಿತ್ತು. ಡಯಾಲಿಸಿಸ್ ಬೇಕು ಎಂದು ನಿರ್ಧಾರವಾಯಿತು.

ಬಿಪಿ ಮಾತ್ರೆಯ ಹೆಸರು ಮಾತ್ರ ಆಗಲೂ ಸಿಗಲಿಲ್ಲ. ಅದು ಯಾರ ಹತ್ತಿರ ಇತ್ತು ಎಂಬುದು ದಿನ 4ರವರೆಗೆ ಗೊತ್ತಾಗಲಿಲ್ಲ. ಮಗಳ ಹತ್ತಿರ. ತಿಂಗಳು ತಿಂಗಳು ಅಮ್ಮನ ಮಾತ್ರೆಗೆ ದುಡ್ಡು ಕಳಿಸುತ್ತಿದ್ದವಳು ಅವಳು. ಡಾಕ್ಟರ ಚೀಟಿಯ ಫೋಟೋ ಅವಳ ಮೊಬೈಲಲ್ಲೇ ಇತ್ತು. ಆದರೆ ಅವಳಿಗೆ ಯಾರೂ ಹೇಳಿರಲಿಲ್ಲ! ಹಬ್ಬಕ್ಕೆ ಬಸ್ ಟಿಕೆಟ್ ಮಾಡಿಸಿದ್ದಾಳೆ, ಹೇಗೂ ಬರುತ್ತಾಳೆ, ಸುಮ್ನೆ ಯಾಕೆ ದಾರಿಯುದ್ದಕ್ಕೂ ಗಾಬರಿ ಎಂದು ಹಿರಿಯರ ತೀರ್ಮಾನ. ನಾನೂ "ನಿಮ್ಮಿಷ್ಟ" ಎಂದು ಸುಮ್ಮನಾದೆ. ಚತುರ್ದಶಿಯ ಬೆಳಿಗ್ಗೆ ಅವಳು ಶಿರಸಿಯಲ್ಲಿ ಇಳಿದು ಮನೆಗೆ ಹೋದಾಗ ಬಾಗಿಲಲ್ಲಿ ಅಮ್ಮ ಇಲ್ಲ. ಕೈಚೀಲವನ್ನೂ ಇಳಿಸದೆ ದೇವಿಮನೆ ಘಟ್ಟ ಇಳಿದು ಮಧ್ಯಾಹ್ನ ಕಾರವಾರಕ್ಕೆ ಬಂದಳು. ಅಪ್ಪನ ಮೇಲೆ ಅವಳಿಗಿದ್ದ ಸಿಟ್ಟು ನ್ಯಾಯವಾದದ್ದು ಎಂದೇ ನನಗನಿಸುತ್ತದೆ. ಸುದ್ದಿ ಮುಚ್ಚಿಟ್ಟಾಗ ಬರೀ ನೋವು ಮುಚ್ಚಿಡುವುದಿಲ್ಲ, ಅವರಿಗೆ ಗೊತ್ತಿದ್ದದ್ದನ್ನೂ ಮುಚ್ಚಿಟ್ಟ ಹಾಗಾಗುತ್ತದೆ.

ಪ್ಲೇಟ್‌ಲೆಟ್ ವಿಷಯ ಹೇಳಿಬಿಡುತ್ತೇನೆ. ಅದನ್ನು ಬೇರೆಯವರು ಕೊಟ್ಟ ರಕ್ತದಿಂದ ತೆಗೆದು ಕೊಡಬೇಕು. ಐದೇ ದಿನ ಇಡಬಹುದು, ಅದೂ ಅಲುಗಾಡಿಸುತ್ತಲೇ ಇರಬೇಕು. ಹಾಗಾಗಿ ಹಬ್ಬಕ್ಕೆ ಮುಂಚೆ ಕೂಡಿಡುವುದು ಕಷ್ಟ. ಕಾಲೇಜು ಹುಡುಗರು ಊರಿಗೆ ಹೋಗಿದ್ದರು. ಕೊನೆಗೆ ಆಟೋ ಸ್ಟ್ಯಾಂಡಿನ ಇಬ್ಬರು ಪಟಾಕಿ ಅಂಗಡಿ ಮುಂದೆ ನಿಂತವರು ಹಾಗೇ ಬಂದು ರಕ್ತ ಕೊಟ್ಟು ಹೋದರು.

ನನ್ನ ತಪ್ಪು

ದಿನ 3ರ ಸಂಜೆ. ಯಜಮಾನರು ಎರಡು ರಾತ್ರಿ ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲೇ ಕಳೆದಿದ್ದರು. ಪಂಚೆ ಮುದ್ದೆಯಾಗಿತ್ತು. ನಾನು ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳಿದೆ: "ಇಲ್ಲಿ ಕೂತು ನೀವು ಮಾಡುವುದು ಏನೂ ಇಲ್ಲ ಯಜಮಾನ್ರೇ. ಅಂಕೋಲೆಗೆ ಹೋಗಿ ಒಂದು ರಾತ್ರಿ ಮಲಗಿ ಬನ್ನಿ."

"ಹೌದಾ ತಂಗಿ? ಹೋಗ್ಲಾ?" ಎಂದು ಎರಡು ಸಲ ಕೇಳಿದರು. ನಾನು ಎರಡು ಸಲವೂ ಹೌದು ಎಂದೆ.

ನಾನು ಕೇಳದೆ ಬಿಟ್ಟದ್ದು ಇಷ್ಟು. ಈ ರಾತ್ರಿ ಏನಾಗಬಹುದು ಎಂದು ಡಾಕ್ಟರನ್ನು ಕೇಳಲಿಲ್ಲ. ಇವರ ಬದಲಿಗೆ ಇಲ್ಲಿ ಯಾರು ಇರುತ್ತಾರೆ ಎಂದು ಕೇಳಲಿಲ್ಲ. ಫೈಲಿನಲ್ಲಿ ಎಷ್ಟು ಫೋನ್ ನಂಬರ್ ಇದೆ ಎಂದು ನೋಡಲಿಲ್ಲ. ಇದ್ದದ್ದು ಒಂದೇ, ಅವರದು.

ರಾತ್ರಿ ಒಂದೂವರೆಗೆ ಅಮ್ಮನ ಆಮ್ಲಜನಕ ಇಳಿಯಿತು. ಇಲಿ ಜ್ವರ ಶ್ವಾಸಕೋಶದೊಳಗೆ ರಕ್ತ ಒಸರಿಸುವುದುಂಟು. ಬಿಗಿ ಮಾಸ್ಕಿನ ಉಸಿರಾಟದ ಯಂತ್ರ ಹಾಕಿದರು. ಕುತ್ತಿಗೆಯ ರಕ್ತನಾಳಕ್ಕೆ ಕೊಳವೆ ಹಾಕಿ ತುರ್ತು ಡಯಾಲಿಸಿಸ್ ಶುರು ಮಾಡಿದರು. ಜೀವಕ್ಕೆ ಅಪಾಯವಿದ್ದಾಗ ಡಾಕ್ಟರು ಮನೆಯವರ ಸಹಿಗೆ ಕಾಯುವುದಿಲ್ಲ, ಕಾಯಲಿಲ್ಲ. ಯಜಮಾನರಿಗೆ ಏಳು ಸಲ ಫೋನ್ ಮಾಡಿದರು. ಸ್ವಿಚ್ ಆಫ್. ಚಾರ್ಜರ್ ಆಸ್ಪತ್ರೆಯ ಕುರ್ಚಿ ಹಿಂದಿನ ಪ್ಲಗ್ಗಿನಲ್ಲೇ ಉಳಿದಿತ್ತು.

ಬೆಳಿಗ್ಗೆ ಆರೂವರೆಗೆ ಅವರು ಬಂದರು. ನಾದಿನಿ ಒತ್ತಾಯ ಮಾಡಿ ಎಣ್ಣೆ ಹಚ್ಚಿ ಮೀಯಿಸಿ ಕಳಿಸಿದ್ದರು, ಚತುರ್ದಶಿಯಲ್ಲವೇ. ತಲೆ ಇನ್ನೂ ಒದ್ದೆ. ಹಣೆಯಲ್ಲಿ ಕುಂಕುಮ. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಸೌತೆಕಾಯಿ ಕಡುಬು. ಗಾಜಿನಾಚೆ ಹೆಂಡತಿಯ ಮುಖದ ತುಂಬ ಮಾಸ್ಕ್, ಕುತ್ತಿಗೆಯಿಂದ ಎರಡು ಕೆಂಪು ಕೊಳವೆ.

ನನ್ನನ್ನು ಬೈಯಲಿಲ್ಲ. "ಆನು ಅಲ್ಲಿ ಎಣ್ಣೆ ಹಚ್ಗ್ಯಂಡು ಕೂತಿದ್ದಿ" ಎಂದರು. ಅಷ್ಟೇ. ಕಿವಿಯ ಹಿಂದಿನಿಂದ ಎಣ್ಣೆ ನೀರು ಇಳಿದು ಅಂಗಿಯ ಕಾಲರ್ ಮೇಲೆ ಕಲೆ ಮಾಡುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

ಅವರು ಇದ್ದಿದ್ದರೂ ಚಿಕಿತ್ಸೆ ಬೇರೆಯಾಗುತ್ತಿರಲಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಅದು ನಿಜ. ಅದರಿಂದ ಯಜಮಾನರಿಗೆ ಏನೂ ಆಗಲಿಲ್ಲ. ಒಪ್ಪಿಸುವ ಪ್ರಯತ್ನ ನಾನೂ ಸ್ವಲ್ಪ ದಿನ ಮಾಡಿ ಬಿಟ್ಟೆ.

ಅಲ್ಲಿಂದ ಅವರು ಜಾಗ ಬಿಟ್ಟು ಏಳಲಿಲ್ಲ. ಮಗಳು ಬಂದು ಹೇಳಿದರೂ ಇಲ್ಲ. ಇನ್ನು "ಹೋಗಿ" ಎನ್ನುವ ಬಾಯಿ ನನಗೂ ಇರಲಿಲ್ಲ. ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೇ ಕ್ಯಾಂಟೀನ್ ಮುಚ್ಚಿತು. ಲಕ್ಷ್ಮೀಪೂಜೆಗೆ ಎದುರಿನ ಹೋಟೆಲೂ ಬಾಗಿಲು ಹಾಕಿತು. ಮಗಳು ಊಟ ಹುಡುಕಿಕೊಂಡು ಬಸ್ ಸ್ಟ್ಯಾಂಡ್ ಕಡೆ ಹೋಗಿದ್ದಾಗ ಯಜಮಾನರು ಕಾರಿಡಾರಿನಲ್ಲಿ ಕುಸಿದರು. ಮೈಯೆಲ್ಲ ಬೆವರು, ಮಾತು ತೊದಲು. ರಕ್ತದ ಸಕ್ಕರೆ 52ಕ್ಕೆ ಇಳಿದಿತ್ತು. ಅವರಿಗೆ ಶುಗರ್ ಇತ್ತು. ಬೆಳಿಗ್ಗೆ ಮಾತ್ರೆ ತಪ್ಪದೆ ನುಂಗಿದ್ದರು, ಊಟ ಮಾತ್ರ ಮಾಡಿರಲಿಲ್ಲ. ಅವರಿಗೆ ಶುಗರ್ ಇದೆಯಾ ಎಂದು ಐದು ದಿನದಲ್ಲಿ ನಾವು ಯಾರೂ ಕೇಳಿರಲಿಲ್ಲ.

ಗೋಪೂಜೆಗೆ ಯಾರು ಕೂರಬೇಕು

ಅದೇ ರಾತ್ರಿ ಆಯಿಯ ಫೋನ್. ನಾಳೆ ಗೋಪೂಜೆಗೆ ಹಿರಿಮಗ ಕೂರಬೇಕು. ಬೆಳಿಗ್ಗೆ ಬಂದು ಪೂಜೆ ಮುಗಿಸಿ ಸಂಜೆ ಹೋಗು. ಹಬ್ಬ ತಪ್ಪಿಸಬೇಡ.

ಹೊರಗಿನವರಿಗೆ ಇದು ಹಠ ಅನಿಸಬಹುದು. ನಮ್ಮ ಕಡೆ ಒಂದು ನಂಬಿಕೆ ಇದೆ. ಮನೆಯಲ್ಲಿ ಒಂದು ಹಬ್ಬ ತಪ್ಪಿತೆಂದರೆ, ಮುಂದೆ ಅದೇ ಹಬ್ಬದ ದಿನ ಮನೆಯಲ್ಲಿ ಮಗುವೋ ಕರುವೋ ಹುಟ್ಟುವವರೆಗೆ ಮತ್ತೆ ಆಚರಿಸುವಂತಿಲ್ಲ. ಸೊಸೆ ಸಾಯುತ್ತಾಳೇನೋ ಎಂಬ ಹೆದರಿಕೆ ಆಯಿಗೂ ಇತ್ತು. ಹಬ್ಬ ತಪ್ಪಿದರೆ ಅದೇ ಒಂದು ಅಪಶಕುನ ಆದೀತು ಎಂಬುದು ಅವರ ಒಳಗಿನ ಮಾತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಮೊಮ್ಮಗಳು ಕೇಳಿಸಿಕೊಂಡಳು.

"ಹೋಗ್ಲಾ, ಬ್ಯಾಡ್ವಾ?" ಯಜಮಾನರು ಮತ್ತೆ ನನ್ನನ್ನೇ ಕೇಳಿದರು. ಈ ಸಲ ನಾನು ಉತ್ತರ ಹೇಳಲಿಲ್ಲ. ರಾತ್ರಿ ಡ್ಯೂಟಿಯ ಡಾಕ್ಟರ ಹತ್ತಿರ ಮೂವರೂ ಹೋದೆವು. ಮುಂದಿನ ಒಂದು ದಿನದಲ್ಲಿ ಏನೇನು ಆಗಬಹುದು, ಯಾವುದಕ್ಕೆ ಮನೆಯವರು ಬೇಕು, ಯಾವುದಕ್ಕೆ ಬೇಡ ಎಂದು ಕೇಳಿದೆವು. ಡಾಕ್ಟರು ನೇರವಾಗಿ ಹೇಳಿದರು. ಬೆಳಿಗ್ಗೆ ಡಯಾಲಿಸಿಸ್. ಅದಾದ ಮೇಲೆ ಉಸಿರಾಟ ಸುಧಾರಿಸಿದರೆ ಮಾಸ್ಕ್ ಬಿಡಿಸುತ್ತಾ ಹೋಗುತ್ತೇವೆ. ಸುಧಾರಿಸದಿದ್ದರೆ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರ್. ಅದು ನಾಳೆ ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ.

ಶಿರಸಿಗೆ ಹೋಗಿ ಬರಲು ಆರು ತಾಸು ಬೇಕು. ಯಜಮಾನರು ತಾವೇ ಲೆಕ್ಕ ಹಾಕಿ "ಹೋಪಲೆ ಆಗ್ತಿಲ್ಲೆ" ಎಂದರು. ಯಾರೂ ಹೇಳಿಕೊಡಬೇಕಾಗಲಿಲ್ಲ.

ಆಯಿಯನ್ನು ಒಪ್ಪಿಸಿದ್ದು ಮಗಳು. ವಾದ ಮಾಡಲಿಲ್ಲ. "ಅಪ್ಪಯ್ಯ ಕೂರಲು ಆಗದಿದ್ದರೆ ಹೇಗೆ ಮಾಡಬಹುದು, ನೀನೇ ಹೇಳು" ಎಂದು ಕೇಳಿದಳು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ದಾರಿ ಹೇಳಿದರು. ಪೂಜೆಗೆ ತಮ್ಮ ಕೂರಲಿ, ಸಂಕಲ್ಪ ಅಣ್ಣನ ಹೆಸರಲ್ಲಿ ಆಗಲಿ. ನಾನು ಹದಿನೈದು ನಿಮಿಷ ಆರೋಗ್ಯದ ಭಾಷಣ ಮಾಡಿದ್ದರೂ ಇದು ಹೊಳೆಯುತ್ತಿರಲಿಲ್ಲ.

ಆ ರಾತ್ರಿಯೇ ಒಂದು ನೂರು ಪುಟದ ನೋಟ್‌ಬುಕ್ ತಂದೆವು. ಹಗಲು ಮಗಳು, ಸಂಜೆಯಿಂದ ಹನ್ನೊಂದರವರೆಗೆ ಯಜಮಾನರು, ರಾತ್ರಿ ನಾದಿನಿಯ ಗಂಡ. ಮಲಗಲು ಆಸ್ಪತ್ರೆ ಹಿಂದಿನ ಲಾಡ್ಜಿನಲ್ಲಿ ಒಂದು ರೂಮು, ನಡೆದರೆ ಐದು ನಿಮಿಷ. ಹೊರಡುವವರು ಡಾಕ್ಟರು ಹೇಳಿದ್ದನ್ನು ಬರೆದಿಟ್ಟು ಹೊರಡಬೇಕು. ಫೈಲಿನ ಮೇಲೆ ಮೂವರ ನಂಬರ್.

ಕರುವಿಗೆ?

ದಿನ 5ರಿಂದ ಅಮ್ಮನಿಗೆ ಭ್ರಮೆ ಶುರುವಾಗಿತ್ತು. ಮಾಸ್ಕ್ ಕಿತ್ತೆಸೆಯುವುದು, ತೋಟಕ್ಕೆ ದನ ಹೊಕ್ಕಿದೆ ಎಂದು ಏಳಲು ಹೋಗುವುದು. ಐಸಿಯುನಲ್ಲಿ ಇದು ಅಪರೂಪವಲ್ಲ. ಹಗಲು ರಾತ್ರಿ ಒಂದೇ ಬೆಳಕು, ಜ್ವರ, ರಕ್ತದಲ್ಲಿ ಸೇರಿದ ಕಸ. ಮನೆಯವರು ಮಾತ್ರ ತಲೆ ಕೆಟ್ಟಿತು ಎಂದು ಹೆದರುತ್ತಾರೆ. ಯಜಮಾನರು ಒಳಗೆ ಹೋದ ಹತ್ತು ನಿಮಿಷವೂ "ಇದು ಆಸ್ಪತ್ರೆ, ಇಲ್ಲಿ ದನ ಎಲ್ಲಿಂದ ಬರ್ತು!" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಅಮ್ಮ ಇನ್ನೂ ಜೋರಾಗಿ ಕೊಸರಾಡುತ್ತಿದ್ದರು.

ಒಬ್ಬಳು ಹಿರಿಯ ನರ್ಸ್ ಅವರನ್ನು ಪಕ್ಕಕ್ಕೆ ಕರೆದು ಹೇಳಿದಳು. ದನ ಇಲ್ಲ ಅನ್ನಬೇಡಿ. ದನ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳಿ. ಇವತ್ತು ಯಾವ ದಿನ, ಈಗ ಎಷ್ಟು ಹೊತ್ತು, ನೀವು ಯಾರು ಎಂದು ಹೇಳಿ. ಕನ್ನಡಕ ತಂದುಕೊಡಿ. ಕನ್ನಡಕ ಅಂಕೋಲೆಯಲ್ಲೇ ಇತ್ತು, ಐದು ದಿನದಿಂದ.

ಪಾಡ್ಯದ ಬೆಳಿಗ್ಗೆ ಡಯಾಲಿಸಿಸ್ ಸರಿಹೋಯಿತು. ವೆಂಟಿಲೇಟರ್ ಬೇಕಾಗಲಿಲ್ಲ. ಐಸಿಯು ಒಳಗೆ ಮೊಬೈಲ್ ಬಿಡುವುದಿಲ್ಲ. ಅದಕ್ಕೆ ಯಜಮಾನರು ಕಾರಿಡಾರಿನಲ್ಲಿ ನಿಂತು ತಮ್ಮನ ಹತ್ತಿರ ಎಲ್ಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಳಗೆ ಹೋಗಿ ಹೆಂಡತಿಗೆ ಕನ್ನಡಕ ಹಾಕಿ, ಸೊಸೈಟಿ ಮೀಟಿಂಗಿನ ವರದಿ ಓದುವ ಹಾಗೆ ಓದಿದರು. ಬೆಳಿಗ್ಗೆ ದನಗಳನ್ನು ಮೀಯಿಸಿದರು. ಕೋಡಿಗೆ ಕೆಮ್ಮಣ್ಣು ಬಳಿದರು. ಹಸು ಗೌರಿಗೆ ಹಸಿ ಅಡಿಕೆ ಸರ, ಚೆಂಡು ಹೂವಿನ ಹಾರ ಹಾಕಿದರು. ಕಡುಬು ತಿನ್ನಿಸಿದರು.

ಅಮ್ಮ ಮಾಸ್ಕಿನೊಳಗಿಂದ ಏನೋ ಅಂದರು. ನರ್ಸ್ ಸ್ವಲ್ಪ ಸರಿಸಿದಳು.

"ಕರುವಿಗೆ?"

ಅದನ್ನು ಕೇಳಿರಲಿಲ್ಲ. ಯಜಮಾನರು ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಓಡಿದರು, ಫೋನ್ ಮಾಡಲು.

ಇಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದೇ ರಾತ್ರಿ ಮತ್ತೆ ಭ್ರಮೆ ಬಂತು, ನಾದಿನಿಯ ಗಂಡನನ್ನು ಕಳ್ಳ ಎಂದರು. ಇನ್ನೆರಡು ದಿನ ಹಾಗೇ ಹೋಯಿತು. ದಿನ 9ಕ್ಕೆ ಮೂತ್ರ ಬರತೊಡಗಿತು. ದಿನ 10ಕ್ಕೆ ವಾರ್ಡಿಗೆ. ಒಟ್ಟು ಐದು ಡಯಾಲಿಸಿಸ್. ಇಲಿ ಜ್ವರದಲ್ಲಿ ಕೆಟ್ಟ ಕಿಡ್ನಿ ಬದುಕಿ ಉಳಿದವರಲ್ಲಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಇವರದೂ ಚೇತರಿಸಿತು. ದಿನ 16ಕ್ಕೆ ಮನೆಗೆ ಕಳಿಸಿದರು. ಮರುದಿನ ತುಳಸಿ ಹಬ್ಬ.

ದುಡ್ಡಿನ ಮಾತು ಒಂದೇ ಸಾಲು. ಇವರದು ಎಪಿಎಲ್ ಕಾರ್ಡ್, ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ಗೊತ್ತುಮಾಡಿದ ದರದ, 30 ಪರ್ಸೆಂಟ್ ಸಿಗುತ್ತದೆ. ಅದಕ್ಕೂ ರೇಷನ್ ಕಾರ್ಡ್ ಬೇಕು, ಅದು ಶಿರಸಿಯ ಮನೆಯ ಬೀರುವಿನಲ್ಲಿತ್ತು. ಬೀಗದ ಕೈ ಎಲ್ಲಿದೆ ಎಂದು ಅಮ್ಮನಿಗಷ್ಟೇ ಗೊತ್ತು.

ಆಮೇಲೆ

ಆ ದೀಪಾವಳಿಯ ಮೇಲೆ ನಾನು ಯಾರಿಗೂ ಸುಮ್ನೆ "ಹೋಗಿ ಮಲಗಿ" ಎಂದಿಲ್ಲ. ಮೊದಲು ಡ್ಯೂಟಿ ಡಾಕ್ಟರ ಹತ್ತಿರ ಹೋಗುತ್ತೇನೆ. ಫೈಲಿನಲ್ಲಿ ಎರಡನೇ ನಂಬರ್ ಇಲ್ಲದೆ ರೋಗಿಯ ಜೊತೆ ಇದ್ದವರನ್ನು ಗೇಟು ದಾಟಲು ಬಿಡುವುದಿಲ್ಲ. ಬಂದ ದಿನವೇ ಜೊತೆ ಇದ್ದವರಿಗೂ ಏನು ಕಾಯಿಲೆ, ಏನು ಮಾತ್ರೆ, ಊಟ ಆಯಿತಾ ಎಂದು ಕೇಳುತ್ತೇನೆ. ದೂರದ ಮಕ್ಕಳಿಗೆ ತಿಳಿಸಿದ್ದೀರಾ ಎಂದು ಕೇಳಿ "ನಿಮ್ಮಿಷ್ಟ" ಎಂದು ಬಿಡುವುದಿಲ್ಲ, ಮೆಂತೆ ಡಬ್ಬಿಯ ಕತೆ ಹೇಳುತ್ತೇನೆ. ಹಬ್ಬದ ವಾರ ಯಾವ ದಿನ ಕ್ಯಾಂಟೀನ್ ಇಲ್ಲ ಎಂದು ಐಸಿಯು ಬಾಗಿಲಿಗೆ ಚೀಟಿ ಅಂಟಿಸುವುದು ಆಗಿನಿಂದ ಶುರುವಾಯಿತು. ಇದಕ್ಕೆಲ್ಲ ಖರ್ಚಿಲ್ಲ.

ಒಂದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಹತ್ತಿರ ಇದ್ದು ಏನೂ ಮಾಡಲಾಗದ ಮನುಷ್ಯನನ್ನು ಎಷ್ಟು ಹೊತ್ತು ಅಲ್ಲೇ ಕೂರಲು ಬಿಡಬೇಕು? ಯಜಮಾನರಿಗೆ ಕೂರುವುದು ಬೇಕಿತ್ತು. ಎಬ್ಬಿಸಿದ್ದು ಒಂದು ತಪ್ಪಾಯಿತು, ಆಮೇಲೆ ಎಬ್ಬಿಸದೆ ಬಿಟ್ಟದ್ದು ಇನ್ನೊಂದು.

ಒಂದು ತಿಂಗಳಾದ ಮೇಲೆ ತೋರಿಸಲು ಇಬ್ಬರೂ ಬಂದಿದ್ದರು. ಅಮ್ಮ ತುಂಬಾ ಇಳಿದಿದ್ದರು. ಕೊಟ್ಟಿಗೆಗೆ ಹೋಗುವಾಗ ಹಾಕಲು ಮಗಳು ಗಮ್‌ಬೂಟ್ ಕಳಿಸಿದ್ದಾಳೆ, ಹಾಕಿಕೊಂಡರೆ ಗೌರಿ ಹತ್ತಿರ ಬರಗೊಡುವುದಿಲ್ಲ ಎಂದು ದೂರು ಹೇಳಿದರು. ಡಾಕ್ಟರು ಈಗ ಯಾವ ಮಾತ್ರೆ ನಡೆದಿದೆ ಎಂದು ಕೇಳಿದರು. ಅಮ್ಮ ಬಾಯಿ ತೆರೆಯುವ ಮೊದಲೇ ಯಜಮಾನರು ಅಂಗಿ ಜೇಬಿನಿಂದ ಆ ನೋಟ್‌ಬುಕ್ ತೆಗೆದು, ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿ, ನಾಲ್ಕು ಮಾತ್ರೆಯ ಹೆಸರು ಓದಿದರು.

"ಮೂರನೇದು ನಿಂಗಳದ್ದು" ಎಂದರು ಅಮ್ಮ.